ಮಳೆಯ ಲೆಕ್ಕ ತಪ್ಪಿದಾಗ: ಅಡಿಕೆ ತೋಟ ಮತ್ತು ನಮ್ಮ ಸಂಘದ ಸಾಲ

(ಸಂಘದ ವಾರದ ಸಭೆಯಲ್ಲಿ ಓದಿ ಚರ್ಚಿಸಲು)



ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂದು ನಮ್ಮ ತುಳುನಾಡಿನ ಹಿರಿಯರು ಹೇಳುತ್ತಾರೆ. ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಅಂದರೆ ಮೇ 24 ಅಥವಾ 25ರ ಸುಮಾರಿಗೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ. ಆ ಹತ್ತು ಹನಿ ಬಿದ್ದರೆ ಇನ್ನು ಒಂದು ವಾರ, ಹತ್ತು ದಿನ ಕೈಯಲ್ಲಿದೆ ಅಂತ ಲೆಕ್ಕ. ಕಟ್ಟಿಗೆ ಒಳಗೆ ಹಾಕುವುದು, ಹಪ್ಪಳ ಸಂಡಿಗೆ ಡಬ್ಬಕ್ಕೆ ತುಂಬಿಸುವುದು, ತೋಟದ ಕಣಿ ಬಿಡಿಸುವುದು, ಅಡಿಕೆಗೆ ಮೊದಲ ಮದ್ದು ಬಿಡುವುದು, ಎಲ್ಲಾ ಅಷ್ಟರೊಳಗೆ ಆಗಬೇಕು.

2025ರಲ್ಲಿ ಆ ಹತ್ತು ದಿನ ಸಿಗಲೇ ಇಲ್ಲ. ಮೇ 24ರಂದೇ ಮುಂಗಾರು ಕೇರಳಕ್ಕೆ ಬಂತು. ವಾಡಿಕೆಯ ದಿನ ಜೂನ್ 1. ಅಷ್ಟು ಬೇಗ ಬಂದದ್ದು 2009ರ ನಂತರ ಅದೇ ಮೊದಲು. ನಮ್ಮ ಕರಾವಳಿಯಲ್ಲೂ ಮೇ ಕೊನೆಯ ವಾರ ಸುರಿದದ್ದು ಹತ್ತು ಹನಿ ಅಲ್ಲ, ಪೂರಾ ಮಳೆಗಾಲ. ಆದರೆ 2023ರಲ್ಲಿ ಏನಾಗಿತ್ತು ನೆನಪಿದೆಯಾ? ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ನಮ್ಮ ಎಷ್ಟೋ ಬಾವಿಗಳಲ್ಲಿ ಕೊಡ ತಳಕ್ಕೆ ತಾಗುತ್ತಿತ್ತು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್. ಎರಡೇ ವರ್ಷದ ಅಂತರದಲ್ಲಿ ಮಳೆ ಶುರುವಾಗುವ ದಿನ ಹದಿನೈದು ದಿನ ಹಿಂದೆ ಮುಂದೆ ಆಯಿತು. ಭತ್ತದ ಗದ್ದೆಯಾದರೆ ನೇಜಿ ಸ್ವಲ್ಪ ತಡವಾಗಿ ನೆಡಬಹುದು. ಅಡಿಕೆ ಮರವನ್ನು ಕಿತ್ತು ಬೇರೆ ನೆಡಲಿಕ್ಕೆ ಆಗುತ್ತದಾ? ಅದು ನಿಂತಲ್ಲೇ ಎಲ್ಲವನ್ನೂ ತಿನ್ನಬೇಕು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹಿಂದಿನ ತರಬೇತಿಗಳಲ್ಲಿ ನಾವು "ಮೊದಲ ಮದ್ದು: ಮೇ ಕೊನೆ, ಜೂನ್ ಮೊದಲ ವಾರ. ಎರಡನೇ ಮದ್ದು: 45 ದಿನ ಬಿಟ್ಟು" ಎಂದು ಬೋರ್ಡಿನಲ್ಲಿ ಬರೆದು ಕೊಡುತ್ತಿದ್ದೆವು. ನೀವು ಪುಸ್ತಕದಲ್ಲಿ ಬರೆದುಕೊಂಡಿರಿ. ಆ ತಾರೀಕನ್ನೇ ನಂಬಿ ಕೂತವರಿಗೆ 2025ರಲ್ಲಿ ಮದ್ದು ಬಿಡಲು ಒಣ ದಿನವೇ ಸಿಗಲಿಲ್ಲ. ಒಂದು ಸಂಘದ ಸದಸ್ಯೆ ಸಭೆಯಲ್ಲಿ ಕೇಳಿದರು, "ನೀವು ಬರೆದು ಕೊಟ್ಟದ್ದು ಮಳೆಗೆ ಗೊತ್ತುಂಟಾ?" ಎಲ್ಲರೂ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ.

ಮಳೆ ಯಾಕೆ ಹೀಗೆ?

ತುಂಬಾ ಉದ್ದ ಹೇಳುವುದಿಲ್ಲ. ಅರಬ್ಬಿ ಸಮುದ್ರ ಹಿಂದಿಗಿಂತ ಬಿಸಿಯಾಗಿದೆ. ಗಾಳಿಯೂ ಬಿಸಿಯಾಗಿದೆ. ಒಂದು ಡಿಗ್ರಿ ಬಿಸಿ ಹೆಚ್ಚಾದರೆ ಗಾಳಿ ಸುಮಾರು ನೂರಕ್ಕೆ 7 ಪಾಲು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಿಡಿದುಕೊಂಡದ್ದನ್ನು ಒಮ್ಮೆಲೇ ಸುರಿಯುತ್ತದೆ, ಆಮೇಲೆ ಹಲವು ದಿನ ಸುಮ್ಮನಿರುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬರುತ್ತದೆ. ಒಟ್ಟು ಲೆಕ್ಕ ನೋಡಿದರೆ ನಮಗೆ ಬರ ಅಂತ ಹೇಳಲಿಕ್ಕೇ ಬರುವುದಿಲ್ಲ. ಆದರೆ ತೋಟಕ್ಕೆ ಬೇಕಾದದ್ದು ಒಟ್ಟು ಲೆಕ್ಕ ಅಲ್ಲ, ಯಾವಾಗ ಬಂತು, ಎಷ್ಟು ದಿನ ಬಿಡದೆ ಬಂತು ಎಂಬುದು.

ಕೊಳೆ ರೋಗ

ಬಿಡದೆ ಸುರಿಯುವ ಮಳೆ, ತಂಪು, ನಡುವೆ ಸ್ವಲ್ಪ ಬಿಸಿಲು, ಗಾಳಿಯಲ್ಲಿ ತೇವ: ಕೊಳೆ ರೋಗದ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಎಳೆ ಕಾಯಿಯ ತೊಟ್ಟಿನ ಹತ್ತಿರ ಮೊದಲು ನೀರಲ್ಲಿ ನೆನೆದಂತಹ ಕಡು ಹಸಿರು ಕಲೆ ಕಾಣುತ್ತದೆ. ಕಾಯಿ ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಹತ್ತುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದಾಗ ಕಾಲಡಿಯಲ್ಲಿ ಹಸಿರು ಕಾಯಿ ಹಾಸಿದ ಹಾಗೆ ಬಿದ್ದಿರುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ರೋಗ ಅಲ್ಲಿಗೇ ನಿಲ್ಲದೆ ಸುಳಿಗೆ ಹೋದರೆ ಮರವೇ ಸಾಯುತ್ತದೆ.

ಈ ರೋಗಕ್ಕೆ ಬೋರ್ಡೋ ದ್ರಾವಣ ನೂರು ವರ್ಷಕ್ಕೂ ಹಳೆಯ ಮದ್ದು. 1908ರಲ್ಲಿ ಮೈಸೂರು ಸರಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆ ರೋಗವನ್ನು ಅಭ್ಯಾಸ ಮಾಡಿ ಇದನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ ಗೊನೆಗೆ ಕೊಟ್ಟೆ ಕಟ್ಟುವುದೇ ಇದ್ದ ದಾರಿ. ಮದ್ದು ಇವತ್ತಿಗೂ ಅದೇ. ಬದಲಾದದ್ದು ಮಳೆ.

ಮರ ಹತ್ತುವವರು ಗಂಡಸರಾದರೂ ಕೆಳಗೆ ಮದ್ದು ಕಲಸುವವರು ಹೆಚ್ಚಾಗಿ ಹೆಂಗಸರು. ಆದ್ದರಿಂದ ಇದನ್ನು ಸರಿಯಾಗಿ ತಿಳಿದುಕೊಳ್ಳಿ. 1 ಕಿಲೋ ಮೈಲುತುತ್ತು, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು ಪುಡಿ ಮಾಡಿ 50 ಲೀಟರ್ ನೀರಲ್ಲಿ ಕರಗಿಸಿ. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ ಸೋಸಿ, ಉಳಿದ 50 ಲೀಟರಿನಲ್ಲಿ ತಿಳಿ ಮಾಡಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸಬೇಕು. ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬಾರದು. ಕಬ್ಬಿಣದ, ತಗಡಿನ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗುತ್ತದೆ. ಕಲಸಿದ ಮೇಲೆ ಉಜ್ಜಿ ಶುಚಿ ಮಾಡಿದ ಕಬ್ಬಿಣದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಪುನಃ ನೋಡಿ. ಹಾಗೆಯೇ ಬಿಟ್ಟರೆ ಮರಕ್ಕೆ ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಮಳೆ ಬಿಡದ ಕಾಲವಾದ್ದರಿಂದ ಕಾಯಿಗೆ ಅಂಟಿ ನಿಲ್ಲಲು ರಾಳದ ಅಂಟು ಸೇರಿಸಿದರೆ ಒಳ್ಳೆಯದು. ಕೈಗೆ ಗವಸು ಹಾಕಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಆ ಡ್ರಮ್ಮಿನಲ್ಲಿ ಆಮೇಲೆ ಕುಡಿಯುವ ನೀರು ತುಂಬಿಸಬೇಡಿ. ಇದನ್ನು ನಾವು ಕಣ್ಣಾರೆ ನೋಡಿದ್ದರಿಂದ ಹೇಳುತ್ತಿದ್ದೇವೆ.

ಹಾಗಾದರೆ ಯಾವಾಗ ಬಿಡುವುದು? ಈಗ ನಾವು ತಾರೀಕು ಬರೆದು ಕೊಡುವುದಿಲ್ಲ. ಮೇ ಮೊದಲ ವಾರಕ್ಕೇ ಮೈಲುತುತ್ತು, ಸುಣ್ಣ, ರಾಳ ಮನೆಯಲ್ಲಿರಬೇಕು. ಮದ್ದು ಬಿಡುವವರಿಗೆ ಮುಂಚೆಯೇ ಹೇಳಿಟ್ಟಿರಬೇಕು. ಹವಾಮಾನ ಇಲಾಖೆಯ 'ಮೇಘದೂತ್' ಆ್ಯಪ್ ಮಕ್ಕಳ ಮೊಬೈಲಿನಲ್ಲಿ ಹಾಕಿಸಿ, ಮುಂದಿನ ನಾಲ್ಕೈದು ದಿನದ ಮುನ್ಸೂಚನೆ ನೋಡಿ. ಮಳೆ ಬೇಗ ಬರುವ ಹಾಗಿದ್ದರೆ ಪತ್ತನಾಜೆಗೆ ಕಾಯಬೇಡಿ. ತಪ್ಪಿಹೋಯಿತು ಅಂತಾದರೆ, ಮಳೆ ಬಿಟ್ಟ ಮೊದಲ ಒಣ ದಿನ, ಕಾಯಿ ಒಣಗಿದ ಕೂಡಲೇ ಬಿಡಿ. ಅಲ್ಲಿಂದ 40-45 ದಿನ ಎಣಿಸಿ ಎರಡನೆಯದು. ಆಟಿ ಕಳೆದರೂ ಮಳೆ ನಿಲ್ಲದಿದ್ದರೆ ಮೂರನೆಯದೂ ಬೇಕಾಗುತ್ತದೆ. ಉದುರಿದ ಕಾಯಿಯನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕಿ ನಾಶ ಮಾಡಬೇಕು. ಮರದಲ್ಲೇ ಒಣಗಿ ನೇತಾಡುವ ರೋಗದ ಗೊನೆಗಳನ್ನೂ ತೆಗೆಸಬೇಕು, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ರೋಗವನ್ನು ನಾವೇ ಸಾಕಿದ ಹಾಗೆ. ಕಣಿಯಲ್ಲಿ ನೀರು ನಿಲ್ಲಬಾರದು. ಈಗ ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೆಲೆ ಜಾಸ್ತಿ ನಿಜ, ನಾಲ್ಕು ಮನೆ ಸೇರಿ ತೆಗೆದುಕೊಂಡರೆ ಒಣ ದಿನಕ್ಕಾಗಿ ಜನ ಹುಡುಕುವುದು ತಪ್ಪುತ್ತದೆ.

ಬೇಸಿಗೆಯ ಪೆಟ್ಟು

ಮಳೆಯಷ್ಟೇ ಅಲ್ಲ. 2024ನೇ ವರ್ಷ 1901ರಿಂದ ಈಚೆಗೆ ಭಾರತದಲ್ಲಿ ಅತಿ ಬಿಸಿಯಾದ ವರ್ಷ. ಹಿಂಗಾರ ಅರಳಿ ನಳ್ಳಿ ನಿಲ್ಲುವ ಹೊತ್ತಿಗೆ ಬಿಸಿಲು ಏರಿ, ಬುಡದಲ್ಲಿ ನೀರಿಲ್ಲದಿದ್ದರೆ ಹಿಂಗಾರ ಒಣಗುತ್ತದೆ, ನಳ್ಳಿ ಉದುರುತ್ತದೆ. ಮುಂದಿನ ವರ್ಷ ಅಂಗಳಕ್ಕೆ ಬರಬೇಕಾದ ಅಡಿಕೆ ಮಾರ್ಚ್, ಏಪ್ರಿಲ್‌ನಲ್ಲೇ ನೆಲಕ್ಕೆ ಬಿದ್ದಿರುತ್ತದೆ. ಆಗ ಯಾರೂ ಅದನ್ನು ನಷ್ಟ ಅಂತ ಲೆಕ್ಕ ಹಾಕುವುದಿಲ್ಲ.

ನೀರಿನ ಲೆಕ್ಕ ನೋಡಿ. ಬುಡಕ್ಕೆ ಕಟ್ಟಿ ನೀರು ಬಿಡುವುದಾದರೆ ಒಂದು ಮರಕ್ಕೆ ಒಂದು ಸಲಕ್ಕೆ ಸುಮಾರು 175 ಲೀಟರ್, ಬಿರು ಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಬೇಕು. ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್. ಒಂದು ಎಕ್ರೆಯಲ್ಲಿ ಸುಮಾರು 540 ಮರ ಎಂದು ಹಿಡಿದರೂ ಹನಿ ನೀರಾವರಿಗೇ ದಿನಕ್ಕೆ ಎಂಟೂವರೆ ಸಾವಿರ ಲೀಟರ್ ಆಗುತ್ತದೆ. ಬಾವಿ ಇಷ್ಟು ಕೊಡುತ್ತದಾ ಎಂದು ಜನವರಿಯಲ್ಲೇ ನೋಡಬೇಕು, ಏಪ್ರಿಲ್‌ನಲ್ಲಿ ಅಲ್ಲ. ಬುಡಕ್ಕೆ ಸೋಗೆ, ಸಿಪ್ಪೆ ದಪ್ಪಗೆ ಮುಚ್ಚಿ. ಪಡುವಣ ಬಿಸಿಲು ನೇರ ಬೀಳುವ ಬದಿಯ ಮರಗಳ ಕಾಂಡ ಹಳದಿಯಾಗಿ ಆಮೇಲೆ ಸೀಳು ಬಿಡುತ್ತದೆ. ಆ ಬದಿಗೆ ಸೋಗೆ ಕಟ್ಟಿ, ಇಲ್ಲವೇ ತೋಟದ ತೆಂಕು ಪಡು ಅಂಚಿನಲ್ಲಿ ನೆರಳಿನ ಮರ ಬೆಳೆಸಿ.

ಅಂಗಳದಲ್ಲಿ

ಚಾಲಿ ಅಡಿಕೆ ಸರಿಯಾಗಿ ಒಣಗಲು 35ರಿಂದ 40 ಬಿಸಿಲು ಬೇಕು. ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿರುವಾಗಲೇ ಮಳೆ ಬಂದರೆ? 2021ರ ನವೆಂಬರ್‌ನಲ್ಲಿ ರಾಜ್ಯದಲ್ಲೆಲ್ಲಾ ಅಕಾಲ ಮಳೆ ಸುರಿದದ್ದು ನಿಮಗೆ ನೆನಪಿರಬಹುದು. ರಾತ್ರಿ ಎದ್ದು ಟರ್ಪಾಲು ಎಳೆಯುವುದು, ಬೆಳಿಗ್ಗೆ ಬಿಡಿಸಿ ಹರಡುವುದು, ಸಂಜೆ ಪುನಃ ರಾಶಿ ಮಾಡುವುದು, ಇದೆಲ್ಲಾ ಮನೆಯ ಹೆಂಗಸರ ಕೆಲಸ. ಇದಕ್ಕೆ ಯಾವ ಪುಸ್ತಕದಲ್ಲೂ ಕೂಲಿ ಬರೆಯುವುದಿಲ್ಲ. ಒದ್ದೆಯಾಗಿ ಬೂಸ್ಟು ಹಿಡಿದ ಅಡಿಕೆ ಒಳ್ಳೆಯ ಚಾಲಿಯಾಗದೆ ಪಟೋರ, ಕರಿಗೋಟಿಗೆ ಹೋಗುತ್ತದೆ, ರೇಟು ಇಳಿಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿದ ಒಣಗಿಸುವ ಮನೆ ಮಾಡಲು ಸಾಲ ಕೇಳಿದರೆ ಕೆಲವು ಸಂಘಗಳಲ್ಲಿ "ಅದೆಂತ ಅಗತ್ಯ" ಎನ್ನುತ್ತಾರಂತೆ. ನಮ್ಮ ಅಭಿಪ್ರಾಯದಲ್ಲಿ ಮದುವೆಯ ಸಾಲಕ್ಕಿಂತ ಅದು ಬೇಗ ತೀರುತ್ತದೆ.

ಸಾಲ, ಕಂತು, ವಿಮೆ

ಈಗ ಸಂಘದ ವಿಷಯಕ್ಕೆ ಬರುತ್ತೇವೆ. ಮದ್ದಿಗೆ ಸಾಲ ಬೇಕೆಂದು ಸದಸ್ಯೆ ಜೂನ್ ಸಭೆಯಲ್ಲಿ ಕೇಳುತ್ತಾರೆ. ನಿರ್ಣಯ ಬರೆದು, ಬ್ಯಾಂಕಿಗೆ ಹೋಗಿ, ಹಣ ಕೈಗೆ ಬರುವಾಗ ಜುಲೈ. ಅಷ್ಟರಲ್ಲಿ ಕಾಯಿ ಅರ್ಧ ಉದುರಿರುತ್ತದೆ. ತಡವಾದ ಸಾಲ ಸಾಲವಾಗಿಯೇ ಉಳಿಯುತ್ತದೆ. ಮದ್ದಿನ ಸಾಲವನ್ನು ಏಪ್ರಿಲ್ ಸಭೆಯಲ್ಲೇ ಮಂಜೂರು ಮಾಡಿ. ಮೈಲುತುತ್ತನ್ನು ಸಂಘದ ಹೆಸರಲ್ಲಿ ಒಟ್ಟಿಗೆ ತಂದರೆ ರೇಟಿನಲ್ಲೂ ಸ್ವಲ್ಪ ಉಳಿಯುತ್ತದೆ.

ತೋಟ ಇಲ್ಲದ ಸದಸ್ಯೆಯರನ್ನು ಮರೆಯಬೇಡಿ. ಅಡಿಕೆ ಹೆಕ್ಕುವ, ಸುಲಿಯುವ ಕೂಲಿಯಿಂದಲೇ ಕಂತು ಕಟ್ಟುವವರು ನಮ್ಮ ಸಂಘಗಳಲ್ಲಿ ಎಷ್ಟು ಜನ! ಕೊಳೆ ಬಂದ ವರ್ಷ ತೋಟದವರಿಗೆ ಬೆಳೆ ಕಡಿಮೆ, ಇವರಿಗೆ ಕೆಲಸವೇ ಇಲ್ಲ. ತೋಟದವರಿಗೆ ಹಳೆಯ ಅಡಿಕೆ ಸ್ವಲ್ಪ ಅಟ್ಟದಲ್ಲಿರುತ್ತದೆ, ರೇಟು ನೋಡಿ ಮಾರಬಹುದು. ಇವರಿಗೆ ಅಟ್ಟವೂ ಇಲ್ಲ. ವಿಮೆಯೂ ಇವರಿಗೆ ಬರುವುದಿಲ್ಲ. ಅಂಥವರ ಕಂತನ್ನು ಎರಡು ಮೂರು ತಿಂಗಳು ಮುಂದಕ್ಕೆ ಹಾಕಲು ಸಂಘಕ್ಕೆ ಅಧಿಕಾರ ಉಂಟು. ಸುಮ್ಮನೆ ಬಿಡುವುದಲ್ಲ, ನಿರ್ಣಯ ಪುಸ್ತಕದಲ್ಲಿ ಬರೆದು ಮಾಡಬೇಕು. ದಂಡ ಹಾಕಿ ಹೊರಗೆ ಕಳಿಸಿದರೆ ಅವರು ಹೋಗುವುದು ಬಡ್ಡಿಯವರ ಹತ್ತಿರ.

ತೋಟ ಇರುವವರು ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಬಿಡಬೇಡಿ. ಅಡಿಕೆಗೂ ಕಾಳುಮೆಣಸಿಗೂ ಇದೆ. ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ, ರೈತರು ಕಟ್ಟುವುದು ಅದರ ನೂರಕ್ಕೆ 5, ಅಂದರೆ 6,400 ರೂಪಾಯಿ. ಎಕ್ರೆಗೆ ಸುಮಾರು 2,600. ಕಟ್ಟುವ ಕೊನೆಯ ದಿನ ವರ್ಷ ವರ್ಷ ಬದಲಾಗುತ್ತದೆ, ಆದ್ದರಿಂದ ಜೂನ್ ತಿಂಗಳಲ್ಲೇ ಕೃಷಿ ಪತ್ತಿನ ಸಂಘದಲ್ಲಿ ಅಥವಾ ಬ್ಯಾಂಕಿನಲ್ಲಿ ಕೇಳಿ. ಒಂದು ಮಾತು ತಿಳಿದಿರಲಿ: ಈ ವಿಮೆಯಲ್ಲಿ ನಿಮ್ಮ ತೋಟ ನೋಡಲು ಯಾರೂ ಬರುವುದಿಲ್ಲ. ಪಂಚಾಯತಿನ ಮಳೆ ಮಾಪಕ ಬರೆದ ಲೆಕ್ಕದ ಮೇಲೆ ಪರಿಹಾರ ಬರುತ್ತದೆ. ಆದ್ದರಿಂದ ಪಕ್ಕದ ಪಂಚಾಯತಿಗೆ ಬಂದು ನಮಗೆ ಬಾರದೆ ಹೋಗುವುದೂ ಇದೆ. ನಿಮ್ಮ ಪಂಚಾಯತಿನ ಮಾಪಕ ಎಲ್ಲಿದೆ, ಸರಿ ಇದೆಯಾ ಎಂದು ಗ್ರಾಮಸಭೆಯಲ್ಲಿ ಕೇಳಿ. ಪಹಣಿಯಲ್ಲಿ ಅಡಿಕೆ ಬೆಳೆ ಎಂದು ದಾಖಲಾಗಿದೆಯಾ, ಪಹಣಿ ಮಾವನ ಹೆಸರಲ್ಲೇ ಉಳಿದಿದೆಯಾ, ಹಣ ಯಾರ ಖಾತೆಗೆ ಬರುತ್ತದೆ, ಇವನ್ನೂ ಮೊದಲೇ ನೋಡಿ. ತೋಟದಲ್ಲಿ ದುಡಿಯುವವಳು ಒಬ್ಬಳು, ಕಾಗದದಲ್ಲಿ ಇರುವವರು ಇನ್ನೊಬ್ಬರು ಆದಾಗ ಕಷ್ಟ ಬರುವುದು ಇಲ್ಲೇ.

ಸಭೆಯಲ್ಲಿ ಚರ್ಚಿಸಿ:

ನಿಮ್ಮ ಊರಲ್ಲಿ 2023ರಲ್ಲಿ ಮತ್ತು 2025ರಲ್ಲಿ ಮೊದಲ ಮದ್ದು ಯಾವಾಗ ಬಿಟ್ಟಿರಿ? ನೆನಪಿನಿಂದ ಹೇಳಿ, ಬರೆದಿಡಿ. ಇನ್ನು ಮುಂದೆ ಮಳೆ ಶುರುವಾದ ದಿನ, ಮದ್ದು ಬಿಟ್ಟ ದಿನ, ಕಾಯಿ ಉದುರಿದ ದಿನಗಳನ್ನು ಸಂಘದ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುವವರು ಯಾರು?

ಅಡಿಕೆ ಸುಲಿಯುವ ಕೂಲಿಯಿಂದ ಕಂತು ಕಟ್ಟುವ ಸದಸ್ಯೆಯರು ನಿಮ್ಮ ಸಂಘದಲ್ಲಿ ಎಷ್ಟು ಮಂದಿ? ಕೆಲಸ ಇಲ್ಲದ ತಿಂಗಳು ಅವರ ಮನೆ ಹೇಗೆ ನಡೆಯುತ್ತದೆ ಎಂದು ಅವರಿಂದಲೇ ಕೇಳಿ. ಅವರು ಹೇಳುವಾಗ ನಡುವೆ ಯಾರೂ ಮಾತಾಡಬೇಡಿ.