ದಮ್ಮು ಇರುವವರಿಗೆ ಆಪರೇಷನ್: ತಯಾರಿ ವಾರಗಳ ಮೊದಲೇ ಶುರುವಾಗಲಿ

ಹರ್ನಿಯಾ, ಪಿತ್ತಕೋಶದ ಕಲ್ಲು, ಮಂಡಿ ಬದಲಾವಣೆ ಎಂದು ಆಪರೇಷನ್‌ಗೆ ದಿನ ಗೊತ್ತಾದ ಕೂಡಲೇ ಮನೆಯವರು ಸಕ್ಕರೆ, ಬಿಪಿ, ಇಸಿಜಿಗೆ ಓಡಾಡುತ್ತಾರೆ. ಅಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರ ಶ್ವಾಸಕೋಶದ ವಿಚಾರ ಮಾತ್ರ ಹಿಂದಿನ ರಾತ್ರಿಗೆ ಉಳಿಯುತ್ತದೆ. ಆಗ ಸರಿಪಡಿಸಲು ಸಮಯವೇ ಇರುವುದಿಲ್ಲ. ನಾಲ್ಕರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಿ.

ಮೊದಲ ಕೆಲಸ, ಬಾಯಿಬಿಟ್ಟು ಹೇಳುವುದು. ಅರಿವಳಿಕೆ ತಜ್ಞರು "ದಮ್ಮು ಬರುತ್ತಾ?" ಎಂದರೆ ಎಷ್ಟೋ ಜನ "ಇಲ್ಲ" ಎನ್ನುತ್ತಾರೆ, ದಮ್ಮು ಬರುವ ಕೆಲಸವನ್ನೇ ಬಿಟ್ಟಿರುತ್ತಾರಲ್ಲ! ಮನೆಯವರೇ ಕಂಡದ್ದನ್ನು ಹೇಳಬೇಕು: ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತಾರೆ, ಸ್ನಾನ ಮಾಡಿ ಬಂದು ಕೂತು ಸುಧಾರಿಸಿಕೊಳ್ಳುತ್ತಾರಾ, ಕಫ ಹಳದಿಗೆ ತಿರುಗಿದೆಯಾ, ಗೊರಕೆಯ ನಡುವೆ ಉಸಿರು ನಿಲ್ಲುತ್ತದಾ, ಹಿಂದೆ ಟಿಬಿ ಆಗಿತ್ತಾ. ಬೀಡಿ ಮುಟ್ಟದ ಅಜ್ಜಿಗೂ ಸಿಒಪಿಡಿ ಇರಬಹುದು. ಬದುಕೆಲ್ಲ ಸೌದೆ ಒಲೆ ಊದಿದ್ದನ್ನು ಯಾರೂ ಕೇಳದಿದ್ದರೂ ನೀವೇ ಹೇಳಿ.

ಆಮೇಲೆ ಆಕ್ಸಿಮೀಟರ್. ವಿಶ್ರಾಂತಿಯಲ್ಲಿ ರಕ್ತದ ಆಮ್ಲಜನಕ ಶೇಕಡಾ 96ಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು. 90 ಅಥವಾ ಅದಕ್ಕೂ ಕಡಿಮೆಯಾದರೆ ಅಪಾಯ ಬಹಳ ಹೆಚ್ಚು. ಉಗುರುಬಣ್ಣ ತೆಗೆದು ನೋಡಿ. ವಯಸ್ಸು, ಹೊಟ್ಟೆಯ ಮೇಲ್ಭಾಗದ ಅಥವಾ ಎದೆಯ ಗಾಯ, ಎರಡು ಗಂಟೆ ಮೀರುವ ಆಪರೇಷನ್ ಕೂಡ ಅಪಾಯದ ಲೆಕ್ಕಕ್ಕೆ ಬರುತ್ತವೆ. ಇವು ನಮ್ಮ ಕೈಲಿಲ್ಲ. ರಕ್ತಹೀನತೆ ಮತ್ತು ಕಳೆದ ತಿಂಗಳ ಕೆಮ್ಮು-ಜ್ವರ ಹಾಗಲ್ಲ: ಮೊದಲನೆಯದಕ್ಕೆ ಚಿಕಿತ್ಸೆಯಿದೆ, ಎರಡನೆಯದು ಪೂರ್ತಿ ವಾಸಿಯಾಗುವವರೆಗೆ ತುರ್ತಿಲ್ಲದ ಆಪರೇಷನ್ ಮುಂದೂಡಲು ಕೇಳಿ.

ಪಿಎಫ್‌ಟಿ (ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ) ಎಲ್ಲರಿಗೂ ಬೇಡ. ಶ್ವಾಸಕೋಶದ ಭಾಗವನ್ನೇ ತೆಗೆಯುವುದಿದ್ದರೆ, ದಮ್ಮಿಗೆ ಕಾರಣ ತಿಳಿಯದಿದ್ದರೆ ಅದು ಬೇಕು.

ಬೀಡಿ, ಸಿಗರೇಟು ಇವತ್ತೇ ಬಿಡಿಸಿ. ಒಂದೇ ದಿನದಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಕಫ ಹೊರಹಾಕುವ ಶಕ್ತಿ ಮರಳಲು ವಾರಗಳೇ ಬೇಕು.

ಇನ್ಹೇಲರನ್ನು ಆಪರೇಷನ್ ದಿನ ಬೆಳಿಗ್ಗೆಯೂ ತಪ್ಪಿಸಬೇಡಿ, ಜೊತೆಗೇ ಒಯ್ಯಿರಿ. ಎಳೆದುಕೊಳ್ಳುವ ಕ್ರಮ ಸರಿಯಿದೆಯೇ ಎಂದು ವೈದ್ಯರ ಎದುರೇ ಒಮ್ಮೆ ಮಾಡಿ ತೋರಿಸಿ. ಸ್ಟೀರಾಯ್ಡ್ ಮಾತ್ರೆ ವಾರಗಟ್ಟಲೆ ನುಂಗಿದ್ದರೆ ಮರೆಯದೆ ತಿಳಿಸಿ. ತಾವಾಗಿ ನಿಲ್ಲಿಸುವುದು ಅಪಾಯ.

ಮೂರು ಚೆಂಡಿನ ಉಸಿರಾಟದ ಸಾಧನವನ್ನು ಮೊದಲೇ ಕೊಂಡು ಕಲಿಸಿ. ಬಹಳ ಜನ ಅದನ್ನು ಊದುತ್ತಾರೆ. ಊದಬಾರದು, ನಿಧಾನವಾಗಿ ಒಳಗೆಳೆದು ಚೆಂಡನ್ನು ಕೆಲವು ಕ್ಷಣ ಮೇಲೆ ನಿಲ್ಲಿಸಬೇಕು. ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನೂ ಮನೆಯಲ್ಲೇ ರೂಢಿ ಮಾಡಿಸಿ; ಆಪರೇಷನ್ ಆದ ಮೇಲೆ ನೋವಿನಲ್ಲಿ ಯಾರೂ ಹೊಸದಾಗಿ ಕಲಿಯಲಾರರು.