ನಾಯಿಯ ಮೂಗು ಮತ್ತು ಗಾಳಿಯ ನಡೆ

ನಾಯಿಯ ಆಟವೆಂದೊಡನೆ ಓಟ, ನೆಗೆತ, ಬೇಟೆಗಳ ಚಿತ್ರವೇ ನಮ್ಮ ಕಣ್ಣ ಮುಂದೆ ಬರುವುದು ಸಹಜ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಈ ಚಿತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ನೀಳವಾದ ಕಾಲು, ಸಣ್ಣ ನಡು, ಆಳವಾದ ಎದೆ. ಕಣ್ಣಿಗೆ ಬಿದ್ದ ಪ್ರಾಣಿಯನ್ನು ಅಟ್ಟಿ ಹಿಡಿಯುವುದಕ್ಕಾಗಿಯೇ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಯದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಅಂಥ ನಾಯಿಯೂ ಐದಾರು ವರ್ಷ ದಾಟಿ, ಪೇಟೆಯ ಮನೆಯಲ್ಲಿ ಸರಪಳಿಗೆ ಸಿಕ್ಕು ಮೈ ಬೆಳೆಸಿದ ಮೇಲೆ, ಒಮ್ಮೆಲೇ ನೆಗೆಯುವ ಆಟಕ್ಕೆ ಇಳಿಯತಕ್ಕದ್ದಲ್ಲ. ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

20 ಕಿಲೋಗ್ರಾಂ ತೂಕದ ನಾಯಿ 60 ಸೆಂಟಿಮೀಟರ್ ಎತ್ತರದಿಂದ ಧುಮುಕಿತೆನ್ನೋಣ. ನೆಲ ಮುಟ್ಟುವ ಕ್ಷಣದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 3.4 ಮೀಟರ್. ಕಾಲುಗಳು ಬಾಗಿ 15 ಸೆಂಟಿಮೀಟರಿನೊಳಗೆ ದೇಹ ನಿಂತಿತೆಂದರೆ, ಆ ಅಲ್ಪ ದೂರದಲ್ಲಿ ಕಾಲುಗಳ ಮೇಲೆ ಬೀಳುವ ಸರಾಸರಿ ಬಲ ನಾಯಿಯ ತೂಕದ ಐದರಷ್ಟು, ಎಂದರೆ ನೂರು ಕಿಲೋಗ್ರಾಂ ಭಾರಕ್ಕೆ ಸಮ. ಮೊದಲು ನೆಲ ಮುಟ್ಟುವವು ಮುಂಗಾಲುಗಳಾದುದರಿಂದ ಹೊರೆಯ ಬಹುಭಾಗವನ್ನು ಅವೇ ಹೊರಬೇಕು. ಕೀಲುಗಳು ಬಿಗಿದ ನಾಯಿ ಕಾಲನ್ನು ಪೂರಾ ಬಗ್ಗಿಸಲಾರದು. ನಿಲ್ಲುವ ದೂರ ಕಡಿಮೆಯಾದಷ್ಟೂ ಬಲ ಹೆಚ್ಚುತ್ತದೆ. ನೋವಿರುವ ನಾಯಿಗೇ ಹೆಚ್ಚು ಪೆಟ್ಟು ಬೀಳುವುದು ಹೀಗೆ.

ಹಾಗಾದರೆ ಅಂಥ ನಾಯಿಗೆ ಜಗಲಿಯೇ ಗತಿಯೆ? ಅಲ್ಲ. ನಡೆದಾಡುತ್ತಲೇ ಆಡಬಹುದಾದ ಆಟವೊಂದಿದೆ: ಬಚ್ಚಿಟ್ಟ ವಾಸನೆಯನ್ನು ಹುಡುಕುವುದು. ಪೊಲೀಸ್ ನಾಯಿಗಳ ಶಿಕ್ಷಣಕ್ರಮವನ್ನು ಸಾಕುನಾಯಿಗಳಿಗೆ ಹೊಂದಿಸಿ 2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೂವರು ಶಿಕ್ಷಕರು ಇದನ್ನು ಒಂದು ಕ್ರೀಡೆಯಾಗಿ ರೂಪಿಸಿದರು. ಅಲ್ಲಿ ಬಳಸುವ ವಾಸನೆಗಳಲ್ಲಿ ನಮ್ಮ ಅಡುಗೆಮನೆಯ ಲವಂಗವೂ ಒಂದು! ನಾಯಿಯ ವಯಸ್ಸು, ತಳಿಗಳು ಇಲ್ಲಿ ಅಡ್ಡಿಯಲ್ಲ. ಕಣ್ಣಿನ ಬೇಟೆಗಾರನಾದ ಮುಧೋಳಕ್ಕೂ ಮೂಗುಂಟು, ಬೀದಿಯಿಂದ ತಂದು ಸಾಕಿದ ನಾಯಿಗೂ ಉಂಟು.

ಆ ಮೂಗಿನ ರಚನೆ ಬಹು ಸ್ವಾರಸ್ಯವಾದುದು. ಮನುಷ್ಯನ ಘ್ರಾಣಕೋಶಗಳನ್ನು ಕೆಲವೇ ದಶಲಕ್ಷಗಳಲ್ಲಿ ಎಣಿಸಿದರೆ ನಾಯಿಯವನ್ನು ನೂರಾರು ದಶಲಕ್ಷಗಳಲ್ಲಿ ಎಣಿಸಬೇಕು. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು ಐದು ಬಾರಿ ಗಾಳಿ ಎಳೆಯುತ್ತದೆ. ಬಿಟ್ಟ ಉಸಿರು ಮುಂದಿರುವ ವಾಸನೆಯನ್ನು ಊದಿ ಚದುರಿಸಬೇಕಲ್ಲವೆ? ಹಾಗಾಗುವುದಿಲ್ಲ. ಹೊರಳೆಗಳ ಪಕ್ಕದ ಸೀಳುಗಳಿಂದ ಉಸಿರು ಓರೆಯಾಗಿ ಹಿಂದಕ್ಕೆ ಹೋಗುತ್ತದೆ. ಅದರ ಸೆಳೆತಕ್ಕೆ ಮುಂದಿನ ಹೊಸ ಗಾಳಿ ಮೂಗಿನತ್ತ ಸರಿಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದ ಗ್ಯಾರಿ ಸೆಟಲ್ಸ್ ಎಂಬ ವಿಜ್ಞಾನಿ ಗಾಳಿಯ ಸಾಂದ್ರತೆಯ ಭೇದವನ್ನು ಬೆಳಕಿನ ಬಾಗುವಿಕೆಯಿಂದ ತೋರುವ ಶ್ಲೀರೆನ್ ವಿಧಾನದಿಂದ ಈ ಹರಿವನ್ನು ಕಣ್ಣಿಗೆ ಕಾಣುವಂತೆ ಮಾಡಿದರು.

ಇನ್ನು ವಾಸನೆ ಮೂಗನ್ನು ತಲುಪುವ ಬಗೆ. ಅಣುಗಳು ತಾವಾಗಿ ಹರಡುತ್ತವೆಂದು ಪಾಠದಲ್ಲಿ ಓದಿದ್ದೇವೆ. ಆದರೆ ಲವಂಗದಂಥ ವಸ್ತುವಿನ ಆವಿಗೆ ಗಾಳಿಯಲ್ಲಿ ವಿಸರಣಾಂಕ ಸೆಕೆಂಡಿಗೆ 0.1 ಚದರ ಸೆಂಟಿಮೀಟರನ್ನು ಮೀರದು. ದೂರದ ವರ್ಗವನ್ನು ಇದರ ಎರಡರಷ್ಟರಿಂದ ಭಾಗಿಸಿದರೆ, ಒಂದು ಮೀಟರ್ ಸಾಗಲು 50,000 ಸೆಕೆಂಡು, ಸುಮಾರು ಹದಿನಾಲ್ಕು ಗಂಟೆ ಬೇಕಾಗುತ್ತದೆ! ಅದೇ ಮೀಟರನ್ನು ಸೆಕೆಂಡಿಗೆ ಹತ್ತು ಸೆಂಟಿಮೀಟರಿನ ಮಂದಗಾಳಿ ಹತ್ತು ಸೆಕೆಂಡಿನಲ್ಲಿ ದಾಟಿಸುತ್ತದೆ. ಆದುದರಿಂದ ವಾಸನೆಯ ವಾಹನ ಗಾಳಿಯೇ. ಅದು ಹೊಗೆಯಂತೆ ಎಳೆಯೆಳೆಯಾಗಿ ಹರಿದು ಸಾಗುವುದರಿಂದಲೇ ನಾಯಿ ಅಡ್ಡಡ್ಡ ತಿರುಗುತ್ತ ಎಳೆಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ.

ಬಳ್ಳಾರಿಯ ಬ್ರೂಸ್‌ಪೇಟೆಯಂಥ ಒತ್ತಾದ ಬಡಾವಣೆಯ ಓಣಿಯೊಂದನ್ನು ತೆಗೆದುಕೊಳ್ಳೋಣ. ಬೆಳಗಿನ ಬಿಸಿಲು ಒಂದು ಬದಿಯ ಗೋಡೆಯನ್ನು ಕಾಯಿಸುತ್ತದೆ. ಎದುರು ಬದಿ ನೆರಳಿನಲ್ಲಿ ತಂಪಾಗಿರುತ್ತದೆ. ಕಾದ ಗೋಡೆಯ ಬಳಿ ಗಾಳಿ ಮೇಲೇರಿ, ತಂಪಿನ ಕಡೆ ಇಳಿಯುತ್ತದೆ. ಕಾದ ಗೋಡೆಯ ಬುಡದಲ್ಲಿಟ್ಟ ವಾಸನೆ ನಾಯಿಯ ತಲೆಯ ಮೇಲೆಯೇ ಹಾಯ್ದು ಎದುರು ಗೋಡೆಯ ಬಳಿ ಇಳಿದರೆ ಆಶ್ಚರ್ಯವಿಲ್ಲ. ಆಗ ನಾಯಿ ಅಲ್ಲಿ ನಿಂತು ಮೂಸುತ್ತಿದ್ದರೆ ದಡ್ಡನೆಂದು ಗದರುವುದು ಅನ್ಯಾಯ. ಗಾಳಿಯ ಪಾಠವನ್ನು ನಮಗಿಂತ ಅದೇ ಚೆನ್ನಾಗಿ ಓದಿರುತ್ತದೆ.

ಆರಂಭಕ್ಕೆ ಮೊದಲು ಪಶುವೈದ್ಯರಿಗೆ ಒಮ್ಮೆ ತೋರಿಸುವುದು ಲೇಸು. ಬಳಿಕ ಬೇಕಾದುದು ಮೂರು ರಟ್ಟಿನ ಡಬ್ಬಗಳು ಮತ್ತು ಬೇಯಿಸಿದ ಮೊಟ್ಟೆಯ ಚೂರುಗಳು. ಒಂದರಲ್ಲಿ ಚೂರನ್ನಿಟ್ಟು, ನಾಯಿಯನ್ನು ಬಿಟ್ಟು ಸುಮ್ಮನೆ ನಿಲ್ಲಬೇಕು. ಕೈ ತೋರಿಸಬಾರದು, ಆಜ್ಞೆ ಕೊಡಬಾರದು. ಕಂಡುಕೊಂಡೊಡನೆ ಆ ಡಬ್ಬದಲ್ಲಿಯೇ ಇನ್ನೊಂದು ಚೂರು ಹಾಕಬೇಕು. ದಿನಕ್ಕೆ ಮೂರು ನಾಲ್ಕು ಸರದಿ ಸಾಕು. ಆಸೆ ಉಳಿದಿರುವಾಗಲೇ ನಿಲ್ಲಿಸಬೇಕು. ಕಡಪಕಲ್ಲಿನ ನುಣುಪು ನೆಲದಲ್ಲಿ ಘರ್ಷಣೆ ಸಾಲದೆ ಕಾಲು ಜಾರುವುದರಿಂದ ಗೋಣಿಯನ್ನೊ ಜಮಖಾನೆಯನ್ನೊ ಹಾಸಿರಬೇಕು. ಡಬ್ಬವನ್ನು ನಾಯಿಯ ಎದೆಯ ಮಟ್ಟಕ್ಕಿಂತ ಮೇಲಿಡಬಾರದು. ಹಿಂಗಾಲ ಮೇಲೆ ನಿಲ್ಲುವಂತಾದರೆ ತಪ್ಪಿಸಬೇಕೆಂದಿದ್ದ ಹೊರೆ ಮತ್ತೆ ಬಂದಂತಾಯಿತು. ಕೆಲವು ವಾರಗಳ ನಂತರ ಲವಂಗವನ್ನು ತೂತುಗಳುಳ್ಳ ಪುಟ್ಟ ತಗಡಿನ ಡಬ್ಬಿಯಲ್ಲಿ ಭದ್ರಪಡಿಸಿ ತಿಂಡಿಯ ಜೊತೆಗಿಡಬಹುದು. ಎರಡರ ಸಂಬಂಧ ನಾಯಿಗೆ ಹೊಳೆದ ಮೇಲೆ ಲವಂಗವನ್ನಷ್ಟೇ ಇಟ್ಟು, ತಿಂಡಿಯನ್ನು ನಾವೇ ಕೊಡಬೇಕು. ಲವಂಗದೆಣ್ಣೆ ನಾಯಿಯ ಹೊಟ್ಟೆಗೆ ಹೋದರೆ ವಿಷವಾದೀತು; ಅದನ್ನು ನೆಕ್ಕಲು ಎಂದೂ ಬಿಡಬಾರದು.

ಬಳ್ಳಾರಿಯ ಬೇಸಗೆಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಾಯಿಯ ಮೈ ಉಷ್ಣತೆ 38ರಿಂದ 39 ಡಿಗ್ರಿ. ಏಪ್ರಿಲ್ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿದಾಗ ಮೈಯ ಶಾಖ ತಾನಾಗಿ ಹೊರಕ್ಕೆ ಹರಿಯಲಾರದು. ಉಳಿದ ದಾರಿ ಆವೀಭವನವೊಂದೇ. ಮೈಯೆಲ್ಲ ಬೆವರುವ ಅನುಕೂಲ ನಾಯಿಗಿಲ್ಲದ್ದರಿಂದ ನಾಲಗೆ ಚಾಚಿ ಏದುತ್ತದೆ. ಆವಿಯಾದ ಪ್ರತಿ ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಏದುವ ನಾಯಿ ಸರಿಯಾಗಿ ಮೂಸಲಾರದು. ಅದನ್ನು ಮತ್ತೂ ದುಡಿಸಿದರೆ ಶಾಖಾಘಾತದಿಂದ ಪ್ರಾಣವೇ ಹೋಗಬಹುದು. ಅಂಗೈಯನ್ನು ಏಳು ಸೆಕೆಂಡು ಊರಲಾಗದ ನೆಲದ ಮೇಲೆ ನಾಯಿಯನ್ನು ನಡೆಸಬಾರದು. ಬೆಳಗಿನ ಆರು ಗಂಟೆಯೇ ತಕ್ಕ ಕಾಲ, ಪಕ್ಕದಲ್ಲಿ ನೀರಿನ ಬಟ್ಟಲಿರಲಿ.

ವಿದ್ಯಾರ್ಥಿಗಳು ಇದನ್ನು ಪ್ರಯೋಗವಾಗಿಯೂ ಮಾಡಬಹುದು, ಒಂದು ಎಚ್ಚರಿಕೆಯೊಡನೆ. ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಕುಟ್ಟಿ ಲೆಕ್ಕ ಬಿಡಿಸುತ್ತದೆಂದು ಜನ ನಂಬಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿದಾಗ, ಪ್ರಶ್ನೆ ಕೇಳುವವರಿಗೇ ಅರಿವಿಲ್ಲದ ತಲೆಯ ಸಣ್ಣ ಚಲನೆಯನ್ನು ಕುದುರೆ ಗುರುತಿಸುತ್ತಿತ್ತೆಂದು ತಿಳಿಯಿತು. ಒಡೆಯನ ಕಣ್ಣೋಟವನ್ನು ಓದುವುದರಲ್ಲಿ ನಾಯಿ ಕುದುರೆಗೆ ಸೋಲುವುದಲ್ಲ. ಆದುದರಿಂದ ಡಬ್ಬಿಯನ್ನು ಮನೆಯ ಇನ್ನೊಬ್ಬರು ಬಚ್ಚಿಟ್ಟು ಕೋಣೆಯಿಂದ ಹೊರಗಿರಬೇಕು. ನಾಯಿಯೊಡನೆ ಹೋಗುವವರಿಗೆ ಸ್ಥಳ ತಿಳಿದಿರಬಾರದು. ನಾಯಿ ಬರುವ ಮೊದಲು ಎಳೆದಾರವೊಂದನ್ನು ತೂಗಿಬಿಟ್ಟು ಗಾಳಿಯ ದಿಕ್ಕನ್ನು ಗುರುತಿಸಬೇಕು. ಹೊತ್ತು, ಉಷ್ಣತೆ, ದಿಕ್ಕು, ಹಿಡಿದ ಸಮಯ, ನಾಯಿ ಮೊದಲು ತಲೆ ತಿರುಗಿಸಿದ ಜಾಗ, ಇವನ್ನು ಪ್ರತಿಸಲವೂ ಬರೆದಿಟ್ಟು, ಬೆಳಗಿನ ಮತ್ತು ಸಂಜೆಯ ಪಟ್ಟಿಗಳನ್ನು ಹೋಲಿಸಿ ನೋಡಬೇಕು.