ಐಟಿಪಿಗೆ ಮೊದಲೇ ಎರಡು ಔಷಧಿ ಕೊಡಬಹುದೇ?

ಪ್ರಶ್ನೆ: ನಮ್ಮ ಸೊಸೆಗೆ ಐಟಿಪಿ ಎಂದು ದಾವಣಗೆರೆಯಲ್ಲಿ ಹೇಳಿದ್ದಾರೆ. ಈಗ ಬರೀ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಜೊತೆಗೆ ಇನ್ನೊಂದು ಔಷಧಿ ಕೊಟ್ಟರೆ ಬೇಗ ವಾಸಿಯಾಗುವುದಿಲ್ಲವೇ?
– ಓದುಗರು, ಜಗಳೂರು

ಉತ್ತರ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯಾದರೂ ಪ್ಲೇಟ್‌ಲೆಟ್ ಇಳಿದಿದೆ ಎಂದರೆ ಮನೆಯವರಿಗೆ ಮೊದಲು ನೆನಪಾಗುವುದು ಡೆಂಗಿ. ಐಟಿಪಿ ಬೇರೆ. ಇಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತದೆ. 1950ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಐಟಿಪಿ ರೋಗಿಯ ರಕ್ತವನ್ನು ತಮಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಅಪಾಯದ ಮಟ್ಟಕ್ಕೆ ಕುಸಿಯಿತು. ಕಾರಣ ರಕ್ತದಲ್ಲೇ ಇದೆ ಎಂದು ಗೊತ್ತಾದದ್ದು ಹಾಗೆ.

ಸ್ಟೀರಾಯ್ಡ್‌ನಿಂದ ಪ್ಲೇಟ್‌ಲೆಟ್ ಏರುತ್ತದೆ, ಆದರೆ ನಿಲ್ಲಿಸಿದ ಮೇಲೆ ಬಹಳಷ್ಟು ವಯಸ್ಕರಲ್ಲಿ ಮತ್ತೆ ಇಳಿಯುತ್ತದೆ. ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಬ್ರಿಟನ್ನಿನ ವೈದ್ಯರು 'ಫ್ಲೈಟ್' ಎಂಬ ಪ್ರಯೋಗ ನಡೆಸಿ 2021ರಲ್ಲಿ ಪ್ರಕಟಿಸಿದರು. ಹೊಸದಾಗಿ ಐಟಿಪಿ ಪತ್ತೆಯಾದ 120 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಸ್ಟೀರಾಯ್ಡ್ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಮೈಕೊಫಿನೊಲೇಟ್, ಅಂದರೆ ಕಿಡ್ನಿ ಕಸಿಯಾದವರಿಗೆ ಕೊಡುವ ಮಾತ್ರೆ. ಸ್ಟೀರಾಯ್ಡ್ ಮಾತ್ರ ಪಡೆದವರಲ್ಲಿ ಶೇ. 44 ಮಂದಿಗೆ ಚಿಕಿತ್ಸೆ ವಿಫಲವಾಯಿತು, ಎರಡೂ ಪಡೆದವರಲ್ಲಿ ಶೇ. 22 ಮಂದಿಗೆ.

ಇಷ್ಟನ್ನೇ ಓದಿದರೆ ಎಲ್ಲರಿಗೂ ಎರಡನ್ನೂ ಕೊಡಿ ಎನ್ನಿಸುತ್ತದೆ. ಆದರೆ ರಕ್ತಸ್ರಾವದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ಔಷಧಿ ತೆಗೆದುಕೊಂಡವರು ಹೆಚ್ಚು ಸುಸ್ತು ಹೇಳಿದರು. ದಿನನಿತ್ಯದ ಓಡಾಟವೂ ಅವರಿಗೆ ಕಷ್ಟವಾಗಿತ್ತು. ಲ್ಯಾಬ್ ರಿಪೋರ್ಟಿನ ಅಂಕಿ ಚೆನ್ನಾಗಿದ್ದರೆ ಸಾಲದು, ರೋಗಿ ಹೇಗಿದ್ದಾರೆ ಎಂದು ಕೇಳಲೇಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಈ ಪ್ರಯೋಗ ಅದನ್ನು ಕೇಳಿತು. ಇನ್ನೊಂದು ಮಾತು: ಮೈಕೊಫಿನೊಲೇಟ್ ಗರ್ಭದ ಮಗುವಿಗೆ ಹಾನಿಕರ. ಸೊಸೆಗೆ ಮಕ್ಕಳಾಗುವ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಪ್ಲೇಟ್‌ಲೆಟ್ 30 ಸಾವಿರಕ್ಕಿಂತ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ ಔಷಧಿ ಕೊಡದೆ ಕಾದು ನೋಡುವುದೂ ಉಂಟು. ಹಾಗೆಂದು ಸ್ಟೀರಾಯ್ಡ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೊಡಬೇಡಿ.

ಎಂದಾದರೂ ಪ್ರಯೋಗಕ್ಕೆ ಸೇರುವಂತೆ ಯಾರಾದರೂ ಕೇಳಿದರೆ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ವಿಚಾರಿಸಿ. ಯಾವಾಗ ಬೇಕಾದರೂ ಪ್ರಯೋಗದಿಂದ ಹೊರಬರುವ ಹಕ್ಕು ಸೊಸೆಗಿದೆ. ತೀವ್ರ ತಲೆನೋವು, ಕಪ್ಪು ಮಲ, ನಿಲ್ಲದ ರಕ್ತಸ್ರಾವ ಕಂಡರೆ ಮಾತ್ರ ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.